ಬಣ್ಣದ ಓದು ಅನ್ನ ಕೊಟ್ಟೀತೆ?

ದ್ವಿತೀಯ ಪಿ.ಯು.ಸಿ. ಫಲಿತಾಂಶ ಬಂದ ವಾರದಿಂದ ನಮ್ಮ ಮನೆಗಳಲ್ಲಿ ಒಂದೇ ಮಾತು: ಮುಂದೇನು? ಇಂಜಿನಿಯರಿಂಗ್, ನರ್ಸಿಂಗ್, ಬಿ.ಕಾಂ., ಬಿ.ಸಿ.ಎ. ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಮಗನೋ ಮಗಳೋ "ನಾನು ಚಿತ್ರಕಲೆ ಓದುತ್ತೇನೆ" ಎಂದು ಹೇಳಿದರೆ ಮನೆಯಲ್ಲಿ ಮೌನ ಕವಿಯುತ್ತದೆ. "ಚಿತ್ರವನ್ನು ರಜೆಯಲ್ಲಿ ಬಿಡಿಸಬಹುದಲ್ಲ, ಅದಕ್ಕೆ ಕಾಲೇಜು ಏಕೆ ಮಗಾ?" ಎನ್ನುತ್ತಾರೆ ತಾಯಿ. ಗಲ್ಫಿನಲ್ಲಿರುವ ಚಿಕ್ಕಪ್ಪ ಫೋನಿನಲ್ಲೇ ಬುದ್ಧಿ ಹೇಳುತ್ತಾರೆ. ತಂದೆ ಎಲ್ಲವನ್ನೂ ಕೇಳಿಸಿಕೊಂಡು ಕೊನೆಗೆ ಒಂದೇ ಪ್ರಶ್ನೆ ಹಾಕುತ್ತಾರೆ: "ಇದು ಅನ್ನ ಕೊಡುತ್ತದೆಯೇ?"

ಈ ಪ್ರಶ್ನೆಯನ್ನು ಹಗುರವಾಗಿ ಕಾಣುವುದು ಸರಿಯಲ್ಲ. ಅದನ್ನು ಕೇಳುವ ತಂದೆ ಕಲೆಯ ವೈರಿಯಲ್ಲ. ಮನೆ ಕಟ್ಟಲು ತೆಗೆದ ಸಾಲ ಅವರ ತಲೆಯ ಮೇಲಿದೆ. ಮಗಳ ಮದುವೆ ಮುಂದಿದೆ. ಮೈಯಲ್ಲಿ ಕಸುವಿರುವಾಗಲೇ ಮಕ್ಕಳು ತಮ್ಮ ಕಾಲ ಮೇಲೆ ನಿಲ್ಲಬೇಕೆಂಬ ಆಸೆ ಪ್ರೀತಿಯಿಂದಲೇ ಹುಟ್ಟಿದ್ದು. ಹಸಿವನ್ನು ಕಂಡವರಿಗೆ ಅನ್ನದ ಬೆಲೆ ಗೊತ್ತು. ಆದರೂ ಈ ಪ್ರಶ್ನೆಯೊಳಗೆ ಇನ್ನೂ ಮೂರು ಪ್ರಶ್ನೆಗಳು ಅಡಗಿವೆ. ಕಲೆ ಕಲಿಯುವವರು ನಿಜವಾಗಿ ಏನನ್ನು ಕಲಿಯುತ್ತಾರೆ? ಒಬ್ಬರಿಗೆ ದೊರೆತ ವರದ ಮೇಲೆ ಯಾರಿಗೆಲ್ಲ ಹಕ್ಕಿದೆ? ಕಲೆಗೆ ಅನ್ನ ಕೊಡಬೇಕಾದವರು ಯಾರು? ಇವನ್ನು ಶಾಂತವಾಗಿ ಯೋಚಿಸೋಣ.

ನಾಲ್ಕು ವರ್ಷಗಳ ಓದು

ದೃಶ್ಯಕಲೆಯ ಪದವಿ ಎಂದರೆ ನಾಲ್ಕು ವರ್ಷ ಕುಳಿತು ಮನಸ್ಸಿಗೆ ಬಂದದ್ದನ್ನು ಗೀಚುವುದು ಎಂಬ ತಪ್ಪು ಕಲ್ಪನೆ ನಮ್ಮಲ್ಲಿ ಹಲವರಿಗಿದೆ. ಮೈಸೂರಿನಲ್ಲಿ 'ಕಾವಾ' ಎಂದೇ ಹೆಸರಾದ ಚಾಮರಾಜೇಂದ್ರ ಸರ್ಕಾರಿ ದೃಶ್ಯಕಲಾ ಕಾಲೇಜು, ಬೆಂಗಳೂರಿನಲ್ಲಿ 1960ರಲ್ಲಿ ಹುಟ್ಟಿದ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಕಾಲೇಜು, ದಾವಣಗೆರೆ ಮತ್ತು ಮಂಗಳೂರಿನ ಕಲಾ ಕಾಲೇಜುಗಳು ನಮ್ಮ ರಾಜ್ಯದಲ್ಲೇ ಇವೆ. ಬಿ.ವಿ.ಎ. ಅಥವಾ ಬಿ.ಎಫ್.ಎ. ಎಂಬ ಈ ಪದವಿಯ ಮೊದಲ ವರ್ಷ ತಳಪಾಯದ ವರ್ಷ. ಮುಂದಿಟ್ಟ ಮಡಕೆ, ಹಣ್ಣು, ಮಡಿಕೆ ಬಿದ್ದ ಬಟ್ಟೆಯನ್ನು ನೋಡಿ ಬಿಡಿಸಬೇಕು. ಬಸ್ ನಿಲ್ದಾಣ, ಸಂತೆ, ರೈಲು ನಿಲ್ದಾಣಗಳಿಗೆ ಹೋಗಿ ಓಡಾಡುವ ಜನರನ್ನು ಕ್ಷಣದಲ್ಲಿ ಗೆರೆಗೆ ಇಳಿಸಬೇಕು. ಜೇಡಿಮಣ್ಣಿನಲ್ಲಿ ತಲೆ, ಕೈಗಳನ್ನು ಮಾಡಬೇಕು. ಮರದ ಹಲಗೆ ಕೆತ್ತಿ ಮಸಿ ಸವರಿ ಅಚ್ಚು ತೆಗೆಯಬೇಕು. ಆಮೇಲೆ ಚಿತ್ರಕಲೆ, ಶಿಲ್ಪ, ಮುದ್ರಣಕಲೆ, ಅನ್ವಯಿಕ ಕಲೆ, ಕಲಾ ಇತಿಹಾಸ ಮುಂತಾದವುಗಳಲ್ಲಿ ಒಂದನ್ನು ಆರಿಸಿಕೊಂಡು ಉಳಿದ ವರ್ಷಗಳನ್ನು ಅದಕ್ಕೆ ಕೊಡಬೇಕು.

ಇದರ ಜೊತೆಗೆ ಇನ್ನೊಂದು ಕಠಿಣ ಶಿಸ್ತು ಇದೆ. ಮಾಡಿದ ಕೆಲಸವನ್ನು ಗೋಡೆಗೆ ನೇತುಹಾಕಿ, ಗುರುಗಳೂ ಸಹಪಾಠಿಗಳೂ ಅದರ ಕೊರತೆಗಳನ್ನು ಎತ್ತಿ ಹೇಳುವಾಗ ಪಕ್ಕದಲ್ಲಿ ನಿಂತು ಕೇಳಬೇಕು. ಗಣಿತದಲ್ಲಿ ತಪ್ಪು ಮಾಡಿದರೆ ಉತ್ತರಪತ್ರಿಕೆ ಮುಚ್ಚಿಡಬಹುದು. ಇಲ್ಲಿ ತಪ್ಪು ಎಲ್ಲರ ಕಣ್ಣೆದುರು ತೂಗುತ್ತಿರುತ್ತದೆ. ಹೊಗಳಿಕೆಗಾಗಿ ಮಾತ್ರ ಚಿತ್ರ ಬಿಡಿಸುತ್ತಿದ್ದವರು ಮೊದಲ ವರ್ಷವೇ ಸೋಲುತ್ತಾರೆ. ಟೀಕೆಯನ್ನು ನುಂಗಿ ಮರುದಿನ ಮತ್ತೆ ಪೆನ್ಸಿಲ್ ಹಿಡಿಯುವವರು ಉಳಿಯುತ್ತಾರೆ. ಇದು ವಿನಯದ ಪಾಠವಲ್ಲದೆ ಇನ್ನೇನು?

ಕಂಡೂ ಕಾಣದವರು

ಕಲಾ ಶಾಲೆಗೆ ಹೊಸದಾಗಿ ಬಂದ ವಿದ್ಯಾರ್ಥಿಗೆ ಮಡಕೆ ಬಿಡಿಸಲು ಹೇಳಿದರೆ, ಅವನು ಎದುರಿಗಿರುವ ಮಡಕೆಯನ್ನು ಬಿಡಿಸುವುದಿಲ್ಲ. ತನ್ನ ತಲೆಯೊಳಗಿರುವ ಮಡಕೆಯನ್ನು ಬಿಡಿಸುತ್ತಾನೆ. ಬಾಯಿ ದುಂಡಗಿರುತ್ತದೆ ಎಂದು ಅವನಿಗೆ ಗೊತ್ತು. ಆದ್ದರಿಂದ ದುಂಡಗೆ ಬರೆಯುತ್ತಾನೆ. ಅವನು ಕುಳಿತ ಜಾಗದಿಂದ ಅದು ಮೊಟ್ಟೆಯಾಕಾರದಲ್ಲಿ ಕಾಣುತ್ತಿದೆ ಎಂಬುದು ಅವನ ಗಮನಕ್ಕೇ ಬಂದಿಲ್ಲ. ನೆರಳು ಕಪ್ಪು ಎಂದುಕೊಂಡಿರುತ್ತಾನೆ. ಅದರೊಳಗೆ ನೀಲಿ, ಕಂದು, ಪಕ್ಕದ ಹಣ್ಣಿನ ಕೆಂಪು ಛಾಯೆ ಇರುವುದನ್ನು ಕಂಡಿರುವುದಿಲ್ಲ. ಗುರುಗಳು ಹೇಳುವುದು ಒಂದೇ ಮಾತು: ಇನ್ನೊಮ್ಮೆ ನೋಡು. ನಾಲ್ಕು ವರ್ಷಗಳ ಓದಿನ ತಿರುಳು ಈ ಮಾತಿನಲ್ಲಿದೆ. ತನಗೆ ಗೊತ್ತಿದೆ ಎಂಬ ಭಾವನೆಯನ್ನು ಬದಿಗಿಟ್ಟು, ಎದುರಿಗಿರುವುದನ್ನು ಅದು ಇರುವಂತೆ ಕಾಣುವ ಅಭ್ಯಾಸ ಅದು.

ಇದಕ್ಕೂ ನೀತಿಗೂ ಏನು ಸಂಬಂಧ ಎಂದು ಕೇಳಬಹುದು. ಸಂತ ಲೂಕನ ಶುಭಸಂದೇಶದ ಒಳ್ಳೆಯ ಸಮಾರಿಯನ ಕಥೆಯನ್ನು ನೆನೆಯಿರಿ. ಗಾಯಗೊಂಡು ಬಿದ್ದವನನ್ನು ಯಾಜಕ ಕಂಡ, ಲೇವಿಯ ಕಂಡ, ಸಮಾರಿಯನೂ ಕಂಡ. ಮೂವರ ಕಣ್ಣಿಗೂ ಬಿದ್ದದ್ದು ಅದೇ ದೇಹ, ಅದೇ ರಕ್ತ. ಮೊದಲ ಇಬ್ಬರು ಬದಿಗೆ ಸರಿದು ನಡೆದರು. ಮೂರನೆಯವನ ನೋಟ ಮಾತ್ರ ಕನಿಕರವಾಗಿ ಬೆಳೆಯಿತು. ನಮ್ಮ ಬಹುಪಾಲು ಪಾಪಗಳು ಕೈಯಿಂದ ಆಗುವ ಮೊದಲು ಕಣ್ಣಿನಿಂದ ಆಗಿರುತ್ತವೆ. ಮನೆಯ ಮುದುಕರ ಮುಖ ಸೊರಗಿದ್ದು ನಮಗೆ ಕಾಣುವುದಿಲ್ಲ. ಕೆಲಸದಾಕೆಯ ಒಡೆದ ಅಂಗೈ ಕಾಣುವುದಿಲ್ಲ. ಗಂಟೆಗಟ್ಟಲೆ ಒಬ್ಬ ವೃದ್ಧೆಯ ಕೈಯನ್ನು, ಅದರ ನರಗಳನ್ನು, ಸವೆದ ಉಗುರುಗಳನ್ನು ನೋಡಿ ನೋಡಿ ಬಿಡಿಸಿದ ಹುಡುಗನಿಗೆ ಅಂಥ ಕೈಯನ್ನು ಅಸಡ್ಡೆಯಿಂದ ಕಾಣುವುದು ಸ್ವಲ್ಪ ಕಷ್ಟವಾದೀತು. ಕಲಾವಿದರೆಲ್ಲ ಸಜ್ಜನರು ಎಂದು ನಾನು ಹೇಳುತ್ತಿಲ್ಲ. ಸಿಡುಕಿನವರೂ ಸ್ವಾರ್ಥಿಗಳೂ ಅವರಲ್ಲಿ ಬೇಕಾದಷ್ಟಿದ್ದಾರೆ. ಆದರೆ ಈ ಓದು ಕೊಡುವ ಗಮನದ ಅಭ್ಯಾಸ ಪ್ರೀತಿಗೆ ಬೇಕಾದ ಮೊದಲ ಸಾಮಗ್ರಿ ಎಂಬುದು ನಿಜ.

ದೇಹವನ್ನು ಬಿಡಿಸುವ ಪಾಠ

ಕೆಲವು ತಾಯ್ತಂದೆಯರು ಬಾಯಿಬಿಟ್ಟು ಹೇಳದ ಒಂದು ಅಳುಕು ಇದೆ. ಕಲಾ ಶಾಲೆಯಲ್ಲಿ ಮನುಷ್ಯ ದೇಹವನ್ನು ಎದುರಿಗಿಟ್ಟುಕೊಂಡು ಬಿಡಿಸುವ 'ಲೈಫ್ ಸ್ಟಡಿ' ಎಂಬ ಪಾಠ ಇರುತ್ತದಲ್ಲ, ಅದು ಮಕ್ಕಳ ಮನಸ್ಸನ್ನು ಕೆಡಿಸದೆ ಎಂಬ ಅಳುಕು. ನಮ್ಮ ಕಾಲೇಜುಗಳಲ್ಲಿ ಹೆಚ್ಚಾಗಿ ಕೂಲಿಗೆ ಬಂದು ಕುಳಿತ ವೃದ್ಧರೋ ಶ್ರಮಿಕರೋ ತಮ್ಮ ನಿತ್ಯದ ಉಡುಪಿನಲ್ಲೇ ಮಾಡೆಲ್ ಆಗಿರುತ್ತಾರೆ. ದೊಡ್ಡ ನಗರಗಳ ಕೆಲವು ಶಾಲೆಗಳಲ್ಲಿ ವಿವಸ್ತ್ರ ದೇಹದ ಅಧ್ಯಯನವೂ ಉಂಟು.

ಧರ್ಮಸಭೆ ಈ ಪ್ರಶ್ನೆಯನ್ನು ಇಂದು ಮೊದಲ ಬಾರಿಗೆ ಎದುರಿಸುತ್ತಿಲ್ಲ. ವ್ಯಾಟಿಕನ್ನಿನ ಸಿಸ್ಟೈನ್ ಚಾಪೆಲ್ಲಿನಲ್ಲಿ ಮೈಕೆಲಾಂಜೆಲೊ 1541ರಲ್ಲಿ ಮುಗಿಸಿದ 'ಅಂತಿಮ ತೀರ್ಪು' ಚಿತ್ರದ ನಗ್ನ ದೇಹಗಳ ಬಗ್ಗೆ ಆಗಲೇ ಗದ್ದಲವೆದ್ದಿತ್ತು. ಟ್ರೆಂಟ್ ಮಹಾಸಭೆಯ ನಂತರ ಇನ್ನೊಬ್ಬ ಕಲಾವಿದರಿಂದ ಅವುಗಳಲ್ಲಿ ಕೆಲವಕ್ಕೆ ಬಟ್ಟೆ ತೊಡಿಸಲಾಯಿತು. ಮುಂದೆ ಆ ಚಿತ್ರವನ್ನು ಶುಚಿಗೊಳಿಸಿದಾಗ, ಆ ಬಟ್ಟೆಗಳಲ್ಲಿ ಕೆಲವನ್ನು ಉಳಿಸಿ, ನಂತರದ ಕಾಲದಲ್ಲಿ ಸೇರಿಸಿದ ಹಲವನ್ನು ತೆಗೆಯಲಾಯಿತು. 1994ರಲ್ಲಿ ಅಲ್ಲಿ ಬಲಿಪೂಜೆ ಅರ್ಪಿಸಿದ ಪೋಪ್ ಎರಡನೇ ಜಾನ್ ಪಾಲರು, ಆ ಚಾಪೆಲ್ಲನ್ನು ಮಾನವ ದೇಹದ ದೈವಶಾಸ್ತ್ರಕ್ಕೇ ಮೀಸಲಾದ ಗರ್ಭಗುಡಿ ಎಂಬ ಅರ್ಥದ ಮಾತನಾಡಿದರು. ದೇಹ ದೇವರ ಸೃಷ್ಟಿ. ಅದನ್ನು ಗೌರವದಿಂದ ನೋಡುವುದಕ್ಕೂ ಸರಕಿನಂತೆ ನೋಡುವುದಕ್ಕೂ ಅಜಗಜಾಂತರವಿದೆ. ಇಂದು ಮಕ್ಕಳ ಅಂಗೈಯಲ್ಲಿರುವ ಮೊಬೈಲ್ ದೇಹವನ್ನು ಸರಕಾಗಿ ನೋಡಲು ಹಗಲಿರುಳು ಕಲಿಸುತ್ತಿರುವಾಗ, ಗುರುಗಳ ಎದುರು ಹಗಲು ಬೆಳಕಿನಲ್ಲಿ ಮೂಳೆ, ಸ್ನಾಯು, ತೂಕಗಳನ್ನು ಅಳೆಯುತ್ತ ಕುಳಿತ ವಿದ್ಯಾರ್ಥಿಗಾಗಿ ನಾವು ಅಷ್ಟೊಂದು ಭಯಪಡಬೇಕಾಗಿಲ್ಲ. ಮಾಡೆಲ್ ಆಗಿ ಕುಳಿತವರ ಒಪ್ಪಿಗೆ, ಮರ್ಯಾದೆ, ನ್ಯಾಯವಾದ ಕೂಲಿ, ಇವು ಸರಿಯಾಗಿವೆಯೇ ಎಂದು ಕೇಳುವುದು ಹೆಚ್ಚು ಕ್ರೈಸ್ತವಾದ ಪ್ರಶ್ನೆ.

ವರ ಮತ್ತು ಋಣ

ವಿಮೋಚನಾಕಾಂಡದಲ್ಲಿ ಒಂದು ಸಂಗತಿ ಬರುತ್ತದೆ. ದೇವದರ್ಶನದ ಗುಡಾರವನ್ನು ಕಟ್ಟಬೇಕಾದಾಗ ದೇವರು ಬೆಚಲೇಲ ಎಂಬ ಕುಶಲಕರ್ಮಿಯನ್ನು ಹೆಸರು ಹಿಡಿದು ಕರೆಯುತ್ತಾರೆ. ಚಿನ್ನ, ಬೆಳ್ಳಿ, ಮರ, ಕಲ್ಲುಗಳಲ್ಲಿ ಕೆಲಸ ಮಾಡುವಂತೆ ಅವನನ್ನು ತಮ್ಮ ಆತ್ಮದಿಂದ ತುಂಬುತ್ತಾರೆ. ಆತ್ಮದ ವರ ಪ್ರವಾದಿಗಳಿಗೂ ಅರಸರಿಗೂ ಮಾತ್ರ ಎಂದು ತಿಳಿದವರು ಇಲ್ಲಿ ನಿಂತು ಯೋಚಿಸಬೇಕು. ಅವನಿಗೂ ಅವನ ಜೊತೆಗಾರ ಒಹೊಲೀಯಾಬನಿಗೂ ಆ ವಿದ್ಯೆಯನ್ನು ಇತರರಿಗೆ ಕಲಿಸುವ ಶಕ್ತಿಯನ್ನೂ ದೇವರು ಕೊಟ್ಟರು ಎಂಬ ಮಾತೂ ಅಲ್ಲಿದೆ. ಅಂದರೆ ವರ ಇದ್ದರೆ ಸಾಲದು, ಕಲಿಕೆಯೂ ಬೇಕು.

ಮತ್ತಾಯನ ಶುಭಸಂದೇಶದ ತಲಾಂತುಗಳ ಸಾಮತಿ ನಮಗೆಲ್ಲ ಗೊತ್ತು. ಒಂದೇ ತಲಾಂತು ಪಡೆದ ಆಳು ಅದನ್ನು ದುಂದು ಮಾಡಲಿಲ್ಲ, ಕುಡಿದು ಹಾಳು ಮಾಡಲಿಲ್ಲ. ಹೆದರಿ ಹೂತಿಟ್ಟ, ಅಷ್ಟೆ. ಮಗಳ ಕೈಯಲ್ಲಿರುವ ವರವನ್ನು ಭಯಪಟ್ಟು ಹೂಳಿಸುವ ನಾವು ಆ ಆಳಿಗಿಂತ ಎಷ್ಟು ಭಿನ್ನ?

ಆದರೆ ಇದೇ ಸಾಮತಿಯನ್ನು ಮಕ್ಕಳು ತಮ್ಮ ಹಟಕ್ಕೆ ಗುರಾಣಿಯಾಗಿ ಹಿಡಿಯಬಾರದು. ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆಗಳಲ್ಲಿ ಒಳ್ಳೆಯ ಅಂಕ ಬಂದಿರುವುದು, ಸಂಬಂಧಿಕರು ಹೊಗಳಿರುವುದು ವರದ ಸಾಕ್ಷಿಯಲ್ಲ. ತಂಗಿಯ ಶುಲ್ಕ ನಿಲ್ಲಿಸಿ, ತಾಯಿಯ ಒಡವೆ ಅಡವಿಟ್ಟು ಕಲಾ ಶಾಲೆ ಸೇರಿ, ಅಲ್ಲಿ ಅರ್ಧ ದಿನ ಕ್ಯಾಂಟೀನಿನಲ್ಲಿ ಕಳೆಯುವವನು ಕಲೆಯ ಹೆಸರಿನಲ್ಲಿ ಮನೆಯವರ ಬೆವರನ್ನು ಕದಿಯುತ್ತಾನೆ. ತಂದೆತಾಯಿಗಳನ್ನು ಗೌರವಿಸು ಎಂಬ ಕಟ್ಟಳೆ ಕಲಾವಿದರಿಗೆ ವಿನಾಯಿತಿ ಕೊಟ್ಟಿಲ್ಲ. ಮನೆಯ ಪರಿಸ್ಥಿತಿ ನಿಜಕ್ಕೂ ಬಿಗಿಯಾಗಿದ್ದರೆ ಕೆಲವು ವರ್ಷ ದುಡಿದು ಆಮೇಲೆ ಓದುವುದೂ ಸೋಲಲ್ಲ. ಕಾಯುವುದಕ್ಕೂ ಹೂಳುವುದಕ್ಕೂ ವ್ಯತ್ಯಾಸವಿದೆ: ಕಾಯುವವರು ದಿನವೂ ಅರ್ಧ ಗಂಟೆಯಾದರೂ ಪೆನ್ಸಿಲ್ ಹಿಡಿದಿರುತ್ತಾರೆ.

ಅನ್ನ ಕೊಡಬೇಕಾದವರು ಯಾರು?

ಈಗ ಮೂರನೆಯ ಪ್ರಶ್ನೆ. ಇದು ತಂದೆಯನ್ನೂ ಮಗನನ್ನೂ ಬಿಟ್ಟು ನಮ್ಮೆಲ್ಲರ ಕಡೆಗೆ ತಿರುಗುತ್ತದೆ.

ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ಲಿಗೆ ಹೋದವರು ಅಲ್ಲಿನ ಗೋಡೆ, ಮೇಲ್ಛಾವಣಿಗಳ ಚಿತ್ರಗಳನ್ನು ಕಂಡು ಬೆರಗಾಗುತ್ತಾರೆ. ಅವನ್ನು ಬಿಡಿಸಿದವರು ಇಟಲಿಯ ಯೇಸುಸಭೆಯ ಬ್ರದರ್ ಆಂತೋನಿಯೊ ಮೊಸ್ಕೇನಿ. 19ನೇ ಶತಮಾನದ ಕೊನೆಗೆ ಕೈಗೆತ್ತಿಕೊಂಡ ಆ ಕೆಲಸವನ್ನು ಅವರು 1901ರ ಹೊತ್ತಿಗೆ ಮುಗಿಸಿದರು. ಅದೆಲ್ಲ ಭಕ್ತಿಯೊಂದರಿಂದಲೇ ಆಯಿತು ಎಂದು ನಾವು ಹೇಳಿಕೊಳ್ಳುತ್ತೇವೆ. ಭಕ್ತಿ ಇತ್ತು, ನಿಜ. ಆದರೆ 1854ರಲ್ಲಿ ಹುಟ್ಟಿದ ಮೊಸ್ಕೇನಿ ಯೇಸುಸಭೆಗೆ ಸೇರಿದ್ದು 1889ರಲ್ಲಿ. ಅದಕ್ಕೆ ಬಹಳ ಮೊದಲೇ ಬೆರ್ಗಾಮೊ ನಗರದ ಕರಾರಾ ಅಕಾಡೆಮಿ ಎಂಬ ಕಲಾ ಶಾಲೆಯಲ್ಲಿ ಕ್ರಮವಾಗಿ ಚಿತ್ರಕಲೆ ಕಲಿತಿದ್ದರು. ಹಸಿ ಗಾರೆಯ ಮೇಲೆ ಅದು ಒಣಗುವ ಮೊದಲೇ ಬಣ್ಣ ಹಚ್ಚುವ ವಿದ್ಯೆ ಪ್ರಾರ್ಥನೆಯಿಂದ ಮಾತ್ರ ಬರುವುದಿಲ್ಲ. ಅಂದು ಒಂದು ಮನೆಯವರು ಮಗನನ್ನು ಕಲಾ ಶಾಲೆಗೆ ಕಳುಹಿಸಿದ್ದರಿಂದಲೇ ಇಂದು ನಮ್ಮ ಕಣ್ಣುಗಳು ಆ ಗೋಡೆಗಳ ಮುಂದೆ ತಣಿಯುತ್ತವೆ. ಕಡಲ ತೀರದ ತೇವದಿಂದ ಹಾಳಾಗುತ್ತಿದ್ದ ಆ ಚಿತ್ರಗಳನ್ನು 1990ರ ದಶಕದ ಆರಂಭದಲ್ಲಿ ಇಂಟಾಕ್ ಸಂಸ್ಥೆಯ ತಜ್ಞರು ಜೀರ್ಣೋದ್ಧಾರ ಮಾಡಿದರು. ಅದೂ ಕಲಿತು ಬರಬೇಕಾದ ಒಂದು ವೃತ್ತಿಯೇ.

ಇನ್ನೊಬ್ಬರ ಕಥೆ ಕೇಳಿ. 1902ರಲ್ಲಿ ಗೋವಾದಲ್ಲಿ ಹುಟ್ಟಿದ ಆಂಜೆಲೊ ದ ಫೊನ್ಸೆಕಾ ಬೊಂಬಾಯಿಯಲ್ಲಿ ವೈದ್ಯಕೀಯ ಓದಲು ತೊಡಗಿದ್ದವರು. ಅದನ್ನು ಬಿಟ್ಟು ಕಲೆಯ ಕಡೆ ತಿರುಗಿ ಶಾಂತಿನಿಕೇತನ ಸೇರಿದರು. ಅಲ್ಲಿ ಕಲಿತ ಭಾರತೀಯ ಶೈಲಿಯಲ್ಲಿ ಮಾತೆ ಮರಿಯಮ್ಮನವರನ್ನು ಸೀರೆ ಉಟ್ಟ ನಮ್ಮ ನೆಲದ ತಾಯಿಯಾಗಿ ಚಿತ್ರಿಸಿದರು. ಫಲವೇನು? ಊರಿನ ಕಥೋಲಿಕರೇ ಮುಖ ಸಿಂಡರಿಸಿದರು. ಅವರು ಪುಣೆಯ ಒಂದು ಕ್ರೈಸ್ತ ಆಶ್ರಮದಲ್ಲಿ ನೆಲೆಸಿ ಕೆಲಸ ಮುಂದುವರಿಸಿ 1967ರಲ್ಲಿ ತೀರಿಕೊಂಡರು. ಬಹಳ ವರ್ಷಗಳ ನಂತರ ಅವರ ಪತ್ನಿ ಕಾಪಾಡಿಕೊಂಡು ಬಂದಿದ್ದ ಚಿತ್ರಸಂಗ್ರಹವನ್ನು ಗೋವಾದ ಝೇವಿಯರ್ ಇತಿಹಾಸ ಸಂಶೋಧನಾ ಕೇಂದ್ರಕ್ಕೆ ಒಪ್ಪಿಸಿದಾಗ ಜನ ಹೆಮ್ಮೆಪಟ್ಟರು. ಬದುಕಿದ್ದಾಗ ಕೊಡದ ಮನ್ನಣೆಯನ್ನು ಸತ್ತ ಮೇಲೆ ಕೊಡುವುದು ನಮಗೆ ಅಗ್ಗವಾಗಿ ಆಗುವ ಪುಣ್ಯ.

ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ದೈವಾರಾಧನೆಯ ಕುರಿತ ತನ್ನ ದಸ್ತಾವೇಜಿನಲ್ಲಿ ಈ ವಿಷಯಕ್ಕೆ ಒಂದು ಇಡೀ ಅಧ್ಯಾಯ ಮೀಸಲಿಟ್ಟಿತು. ಧರ್ಮಸಭೆ ಯಾವುದೇ ಒಂದು ಶೈಲಿಯನ್ನು ತನ್ನದೆಂದು ಕಟ್ಟಿಕೊಂಡಿಲ್ಲ, ಎಲ್ಲ ಜನಾಂಗಗಳ ಇಂದಿನ ಕಲೆಗೂ ದೇವಾಲಯದಲ್ಲಿ ಜಾಗವಿರಬೇಕು ಎಂದಿತು. ಆಡಂಬರಕ್ಕಿಂತ ಘನವಾದ ಸೌಂದರ್ಯ ಮುಖ್ಯವೆಂದಿತು. ಧರ್ಮಾಧ್ಯಕ್ಷರು ಕಲಾವಿದರ ಬಗ್ಗೆ ಕಾಳಜಿ ವಹಿಸಬೇಕು, ಪವಿತ್ರ ಕಲೆಯ ಶಾಲೆಗಳನ್ನು ತೆರೆಯುವುದು ಒಳಿತು ಎಂದೂ ಸಲಹೆ ಕೊಟ್ಟಿತು. ಇಷ್ಟೆಲ್ಲ ಆದಮೇಲೆ ನಮ್ಮ ಧರ್ಮಕೇಂದ್ರಗಳಲ್ಲಿ ನಡೆಯುತ್ತಿರುವುದೇನು? ಹೊಸ ದೇವಾಲಯ ಕಟ್ಟಿದಾಗ ಗ್ರಾನೈಟ್, ದೀಪ, ಧ್ವನಿವರ್ಧಕಗಳಿಗೆ ಲಕ್ಷಗಟ್ಟಲೆ ಎತ್ತಿಡುತ್ತೇವೆ. ಶಿಲುಬೆಯ ಹಾದಿಯ ಹದಿನಾಲ್ಕು ಚಿತ್ರಗಳನ್ನು ಮಾತ್ರ ಕ್ಯಾಟಲಾಗ್ ನೋಡಿ ತರಿಸುತ್ತೇವೆ. ಹಬ್ಬಕ್ಕೆ ಫ್ಲೆಕ್ಸ್ ಹಾಕುತ್ತೇವೆ. ಹಬ್ಬ ಮುಗಿದ ಮೇಲೆ ಅದು ಯಾರದೋ ಸೌದೆಯ ರಾಶಿಗೆ ಹೊದಿಕೆಯಾಗುತ್ತದೆ. ಊರಿನ ಹುಡುಗ ಗೋದಲಿಯ ಹಿನ್ನೆಲೆ ಬರೆದುಕೊಟ್ಟರೆ ಸನ್ಮಾನದ ಶಾಲು ಕೊಡುತ್ತೇವೆ, ಬಣ್ಣದ ಹಣ ಕೊಡಲು ಮರೆಯುತ್ತೇವೆ. ಎಲೆಕ್ಟ್ರಿಷಿಯನ್ನನಿಗೆ "ದೇವರ ಕೆಲಸ, ಪುಕ್ಕಟೆ ಮಾಡಪ್ಪಾ" ಎನ್ನದ ನಾವು ಕಲಾವಿದನಿಗೆ ಹಾಗೆನ್ನಲು ನಾಚುವುದಿಲ್ಲ. ಆಮೇಲೆ ಅದೇ ಬಾಯಲ್ಲಿ, ಕಲೆ ಅನ್ನ ಕೊಡುವುದಿಲ್ಲ ಎಂದು ನಿಟ್ಟುಸಿರು ಬಿಡುತ್ತೇವೆ!

ಕಲೆ ಎಂದಿಗೂ ತಾನಾಗಿ ಅನ್ನ ಕೊಟ್ಟಿಲ್ಲ. ಕೊಟ್ಟವರು ಅರಸರು, ಮಠಗಳು, ದೇವಾಲಯಗಳು, ಊರಿನ ಜನ. ಕೆಲಸಗಾರನು ತನ್ನ ಕೂಲಿಗೆ ಅರ್ಹ ಎಂಬ ನೀತಿ ಕುಂಚ ಹಿಡಿದವರಿಗೂ ಅನ್ವಯಿಸುತ್ತದೆ. ತಂದೆಯ ಪ್ರಶ್ನೆಗೆ ಪೂರ್ತಿ ಉತ್ತರ ಹದಿನೆಂಟರ ಹುಡುಗಿಯ ಬಳಿ ಇಲ್ಲ. ಅರ್ಧ ಉತ್ತರ ನಮ್ಮ ಬಳಿ ಇದೆ.

ಮನೆಯವರು ಏನು ಮಾಡಬಹುದು?

ಹಾಗಾದರೆ ಇಂಥ ಆಸೆ ಹೊತ್ತ ಮಗು ಮನೆಯಲ್ಲಿದ್ದರೆ ಏನು ಮಾಡಬೇಕು? ಬೈಯುವುದೂ ಬೇಡ, ತಕ್ಷಣ ಒಪ್ಪುವುದೂ ಬೇಡ. ಮೂರು ತಿಂಗಳು ದಿನವೂ ಕಣ್ಣಾರೆ ನೋಡಿ ಒಂದು ಚಿತ್ರ ಬಿಡಿಸಲು ಹೇಳಿ. ಫೋಟೋ ನೋಡಿ ನಕಲು ಮಾಡಿದ್ದು ಲೆಕ್ಕಕ್ಕಿಲ್ಲ. ಪುಸ್ತಕ ತುಂಬಿದರೆ ಅರ್ಧ ಪರೀಕ್ಷೆ ಮುಗಿದಂತೆ. ಆ ಪುಸ್ತಕವನ್ನು ಕಲೆ ಬಲ್ಲ ಒಬ್ಬರಿಗೆ ತೋರಿಸಿ ನಿಷ್ಠುರವಾದ ಅಭಿಪ್ರಾಯ ಕೇಳಿ. ಕಾಲೇಜಿನ ವಾರ್ಷಿಕ ಪ್ರದರ್ಶನಕ್ಕೆ ಮನೆಮಂದಿ ಒಟ್ಟಾಗಿ ಹೋಗಿ ಬನ್ನಿ. ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಯುವ ಚಿತ್ರಸಂತೆಗೂ ಹೋಗಬಹುದು. ಕಲಾವಿದರು ರಸ್ತೆಬದಿಯಲ್ಲಿ ತಮ್ಮ ಕೃತಿ ಹಿಡಿದು ನಿಂತಿರುವಾಗ ಅವರ ಬದುಕಿನ ಸಿಹಿಕಹಿ ಎರಡನ್ನೂ ಅವರ ಬಾಯಿಂದಲೇ ಕೇಳಬಹುದು. ಶುಲ್ಕದ ಜೊತೆಗೆ ಬಣ್ಣ, ಕ್ಯಾನ್ವಾಸು, ಕಾಗದದ ಖರ್ಚನ್ನೂ ಮೊದಲೇ ಲೆಕ್ಕ ಹಾಕಿ. ಶಾಲಾ ಶಿಕ್ಷಕ ವೃತ್ತಿ, ಪುಸ್ತಕ ವಿನ್ಯಾಸ, ಜಾಹೀರಾತು, ಸಿನಿಮಾ ಸೆಟ್ಟು, ಅನಿಮೇಷನ್, ವಸ್ತ್ರ ವಿನ್ಯಾಸ, ಹಳೆಯ ಕೃತಿಗಳ ಸಂರಕ್ಷಣೆ, ಇಂಥ ದಾರಿಗಳ ಬಗ್ಗೆ ವಿಚಾರಿಸಿ.

ಈಗ ಕಂಪ್ಯೂಟರಿಗೆ ಎರಡು ಸಾಲು ಹೇಳಿದರೆ ಅದೇ ಚಿತ್ರ ಮಾಡಿಕೊಡುತ್ತದಲ್ಲ ಎಂಬ ಹೊಸ ಭಯವೂ ಸೇರಿಕೊಂಡಿದೆ. ಭಯಕ್ಕೆ ಕಾರಣವಿಲ್ಲದಿಲ್ಲ. ಅಗ್ಗದ, ಅವಸರದ ಚಿತ್ರ ಬೇಕಾದವರು ಯಂತ್ರದ ಬಳಿ ಹೋಗುತ್ತಾರೆ. ಅಂಥ ಕೆಲಸವನ್ನೇ ನಂಬಿ ಓದಲು ಹೊರಡುವುದು ಜಾಣತನವಲ್ಲ. ಆದರೆ ಯಂತ್ರ ಯಾವ ಅಜ್ಜಿಯ ಎದುರೂ ಕುಳಿತು ಆಕೆಯ ಕೈಯನ್ನು ನೋಡಿಲ್ಲ. ಆ ನೋಟವೇ ಈ ಓದಿನ ಸಾರ. ಅದನ್ನು ನಿಜವಾಗಿ ಪಡೆದವರು ಮುಂದೆ ಚಿತ್ರಕಾರರಾಗದೆ ಬೇರೇನೋ ಆದರೂ ನಾಲ್ಕು ವರ್ಷ ವ್ಯರ್ಥವಾಗಲಿಲ್ಲ.

ಎಲ್ಲರೂ ಕಲಾವಿದರಾಗಲು ಕರೆ ಪಡೆದಿಲ್ಲ, ಆದರೆ ತನ್ನ ಬದುಕನ್ನೇ ಒಂದು ಕೃತಿಯಂತೆ ರೂಪಿಸುವ ಹೊಣೆ ಪ್ರತಿಯೊಬ್ಬರಿಗೂ ಇದೆ ಎಂದು ಪೋಪ್ ಎರಡನೇ ಜಾನ್ ಪಾಲರು 1999ರ ಪಾಸ್ಕ ಹಬ್ಬದಂದು ಕಲಾವಿದರಿಗೆ ಬರೆದ ಪತ್ರದಲ್ಲಿ ತಿಳಿಸಿದ್ದರು. ಆ ಮಾತು ಮಗಳಿಗೂ ಸಲ್ಲುತ್ತದೆ, ತಂದೆಗೂ ಸಲ್ಲುತ್ತದೆ. ಮುಂದಿನ ಬಾರಿ ನಿಮ್ಮ ಧರ್ಮಕೇಂದ್ರದ ಸಭೆಯಲ್ಲಿ ಹೊಸ ಸ್ವರೂಪವೋ ಚಿತ್ರವೋ ಬೇಕೆಂಬ ಮಾತು ಬಂದಾಗ, ಕ್ಯಾಟಲಾಗ್ ತೆರೆಯುವ ಮೊದಲು ಒಂದು ಪ್ರಶ್ನೆ ಕೇಳಿ: ನಮ್ಮ ಊರಿನಲ್ಲಿ ಈ ವಿದ್ಯೆ ಕಲಿತ ಮಕ್ಕಳು ಯಾರಾದರೂ ಇದ್ದಾರೆಯೇ? ಇದ್ದರೆ ಕರೆಸಿ. ಕೆಲಸ ಕೊಡಿ, ಕಾಲಾವಕಾಶ ಕೊಡಿ, ಕೂಲಿಯನ್ನು ಮೊದಲೇ ಮಾತಾಡಿ ಪೂರ್ತಿಯಾಗಿ ಕೊಡಿ.